ಮಾವ ಹೇಳದೆ ಬಿಟ್ಟ ನೆಪ

ನಮ್ಮ ಮಾವನಷ್ಟು ಜಾಗ್ರತೆಯಿಂದ ಸೀನಿದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ತೋರಿಸಿ, ನನ್ನ ಕಿವಿಯ ಓಲೆ ಬಿಚ್ಚಿ ಕೊಡುತ್ತೇನೆ! ಸೀನು ಎಲ್ಲರಿಗೂ ಬರುತ್ತದೆ. ಸೀನುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಬಿಟ್ಟ ಮಾತು ಮುಂದುವರಿಸುತ್ತಾರೆ. ಮಾವನದು ಹಾಗಲ್ಲ. ಮೂಗಿನ ತುದಿಯಲ್ಲಿ ತುರಿಕೆ ಸುರುವಾದ ಕೂಡಲೇ ಎಡಗೈ ಮೇಲೆತ್ತಿ, "ಬರ್ತಾ ಉಂಟು" ಎಂದು ಘೋಷಿಸುತ್ತಿದ್ದರು. ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಲ್ಲಬೇಕು. ಮಾವ ಚಾವಡಿಯ ಕಂಬವನ್ನು ತಬ್ಬಿ ಕುಳಿತು, ಕಣ್ಣು ಮುಚ್ಚಿ, ಬಾಯಿ ಅಗಲಿಸಿ, ಒಳಗಿನ ಸೀನನ್ನು ಗಬ್ಬದ ದನವನ್ನು ಹಟ್ಟಿಯಿಂದ ಹೊರಗೆ ಬಿಡುವ ಹಾಗೆ ಮೆಲ್ಲಮೆಲ್ಲಗೆ ಬಿಡುತ್ತಿದ್ದರು. ನಮಗೆ ಕೇಳಿಸುತ್ತಿದ್ದದ್ದು "ಹ್ಸ್" ಎಂಬಷ್ಟೇ.

"ಹೋಯ್ತಾ ಅಣ್ಣ?" ಎಂದು ಅಮ್ಮ ಅಡಿಗೆಮನೆಯಿಂದ ಕೇಳುತ್ತಿದ್ದಳು.

"ಒಂದು ಹೋಯ್ತು. ಹಿಂದೆ ಇನ್ನೊಂದು ಉಂಟೋ ಅಂತ ಕಾಣ್ತದೆ. ಸ್ವಲ್ಪ ತಡಿ."

ನಗಬೇಡಿ. ಇದೇ ಮಾವ ಒಂದು ಕಾಲದಲ್ಲಿ ನಶ್ಯ ಏರಿಸಿ ಸೀನಿದರೆ ಗದ್ದೆಯಾಚೆ ಕೂತ ಕೊಕ್ಕರೆಗಳು ಎದ್ದು ಹಾರುತ್ತಿದ್ದವು! ಆ ಸೀನನ್ನು ಒಮ್ಮೆ ಕೇಳಬೇಕೆಂದು ನನಗೆ ಈಗ, ಈ ವಯಸ್ಸಿನಲ್ಲಿ, ಎಷ್ಟು ಆಸೆಯಾಗುತ್ತದೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ನಮ್ಮ ಕಡೆಯ ಕ್ರಮದಂತೆ ನಾವಿದ್ದದ್ದು ಅಮ್ಮನ ಮನೆಯಲ್ಲಿ, ಕಾಪುವಿನಲ್ಲಿ. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿದ್ದು ವರ್ಷಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಮನೆಗೆ ಯಜಮಾನ, ನಮಗೆ ಗದರುವ ಗಂಡಸು, ಎಲ್ಲವೂ ಮಾವನೇ. ನಾವು ಮದ್ರಾಸಿನವರೋ ಮೈಸೂರಿನವರೋ ಎಂದು ಜನ ಬಸ್ಸಿನಲ್ಲಿ ಕೂತು ಜಗಳವಾಡುತ್ತಿದ್ದ ಕಾಲ ಅದು. ಆ ಜಗಳಗಳನ್ನೆಲ್ಲ "ಮೊದಲು ಒಳಗೆ ಸರೀರಿ, ರಾಜ್ಯ ಆಮೇಲೆ ನೋಡುವಾ!" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದವರು ಮಾವ. ಏಕೆಂದರೆ ಅವರು ಕಾಪುವಿನ ಬಸ್ ಏಜೆಂಟ್.

ಬಸ್ ಏಜೆಂಟನ ಕೆಲಸ ಏನು? ಬೊಬ್ಬೆ ಹಾಕುವುದು! ಬಸ್ಸು ಬರುವ ಮೊದಲು ಊರ ಹೆಸರು ಹೇಳಿ ಕೂಗಬೇಕು, ಬಂದ ಮೇಲೆ ಜನ ಹತ್ತಿಸಬೇಕು, ಮೀನಿನ ಬುಟ್ಟಿ ಮೇಲೇರಿಸಬೇಕು, ಎದುರಿನ ಸೀಟನ್ನು ದೊಡ್ಡವರಿಗೆಂದು ಹಿಡಿದಿಡಬೇಕು, ಕೊನೆಗೆ ಬಸ್ಸಿನ ಬೆನ್ನಿಗೆ ಎರಡು ಪೆಟ್ಟು ಕೊಟ್ಟು "ರೈಟ್!" ಎನ್ನಬೇಕು. ಮಾವ "ಉಡ್ಪಿ ಉಡ್ಪಿ ಉಡ್ಪೀ!" ಎಂದರೆ ಸಮುದ್ರದಲ್ಲಿ ದೋಣಿಯಲ್ಲಿದ್ದವರಿಗೂ ಹೊತ್ತು ಗೊತ್ತಾಗುತ್ತಿತ್ತಂತೆ. ದಾರಿಯ ವಿಷಯದಲ್ಲಂತೂ ಅವರ ಮಾತಿಗೆ ಎದುರಿಲ್ಲ. ಕಾರ್ಕಳದವರು ಉಡುಪಿಗೆ ಹೋಗಬೇಕಾದರೆ ಹಿರಿಯಡ್ಕದ ಮೇಲೆ ನೇರ ದಾರಿಯುಂಟು. ಅದು ಬಿಟ್ಟು ಬೆಳ್ಮಣ್, ಪಡುಬಿದ್ರಿ, ಕಾಪು ಎಂದು ಸುತ್ತಿ ಬಂದ ಒಬ್ಬ ಬಡಪಾಯಿ ಒಮ್ಮೆ ಮಾವನ ಕೈಗೆ ಸಿಕ್ಕಿಬಿದ್ದ.

"ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೇ? ಕಾರ್ಕಳದಿಂದ ಉಡುಪಿಗೆ ಈ ದಾರಿಯಲ್ಲಿ ಯಾರಾದರೂ ಬರ್ತಾರಾ? ಸಮುದ್ರ ನೋಡ್ಲಿಕ್ಕೆ ಬಂದದ್ದಾ?"

ಆ ಮನುಷ್ಯ ಇನ್ನು ಈ ಕಡೆ ತಲೆಹಾಕಿರಲಿಕ್ಕಿಲ್ಲ.

ಇಂಥ ಬಾಯಿಯೇ ಮಾವನಿಗೆ ಮುಳುವಾಯಿತು. ಒಂದು ದಿನ ಬಸ್ಸಿನ ಎದುರಿನ ಸೀಟಿನಲ್ಲಿ ಯಾರೋ ಹೆಂಗಸು ಕೂತದ್ದು ಹಿಂದಿನಿಂದ ಕಂಡಿತು. ಆ ಸೀಟು ಪಟೇಲರಿಗೆಂದು ಹಿಡಿದಿಟ್ಟದ್ದು. ಮಾವ ಮುಖ ನೋಡಲೇ ಇಲ್ಲ. "ಯಾರದು ಎದುರು ಕೂತದ್ದು? ಇಳಿ ಕೆಳಗೆ!" ಎಂದು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಬೊಬ್ಬೆ ಹಾಕಿದರು. ಹೆಂಗಸು ತಿರುಗಿದರು. ಮಾಮಿ! ಮಾವನ ಸ್ವಂತ ಹೆಂಡತಿ! ಉಡುಪಿಗೆ ಹೋಗಿ ಒಂದು ಸೀರೆ ತರುತ್ತೇನೆಂದು ಹೊರಟವರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಾಮಿ ಸೆರಗು ಸರಿಮಾಡಿಕೊಂಡು ಇಳಿದರು. ಇಷ್ಟು ಜನರ ಎದುರು ಮಾವನಿಗೂ ಮಾತು ಹಿಂದೆ ತೆಗೆದುಕೊಳ್ಳಲಿಕ್ಕೆ ಆಗಲಿಲ್ಲ. ಅಷ್ಟರಲ್ಲಿ ಕಾರ್ಕಳದ ಬಸ್ಸು ಬಂತು. ಮಾಮಿಯ ತವರು ಕಾರ್ಕಳ. ಮಾಮಿ ಸೀದಾ ಹೋಗಿ ಅದನ್ನು ಹತ್ತಿ ಕಟ್ಟಕಡೆಯ ಸೀಟಿನಲ್ಲಿ ಕೂತರು. ಮಾವ ನೋಡುತ್ತ ನಿಂತರು. "ಬಾ" ಎಂಬ ಒಂದಕ್ಷರ ಅಂದಿದ್ದರೆ ಸಾಕಿತ್ತು ಎಂದು ಮಾವನ ಅಮ್ಮ, ನಮ್ಮ ಅಜ್ಜಿ, ಸಾಯುವವರೆಗೂ ಹೇಳುತ್ತಿದ್ದರು. ಮಾವ ಅಂದದ್ದೇನು ಗೊತ್ತುಂಟಾ? ಬಸ್ಸಿನ ಬೆನ್ನಿಗೆ ಎರಡು ಪೆಟ್ಟು ಕೊಟ್ಟು, "ರೈಟ್!"

ಅಭ್ಯಾಸಬಲ, ಇನ್ನೇನು? ಕೈ ಎತ್ತಿಯಾಗಿತ್ತು, ಬಾಯಿ ತಾನಾಗಿ ಹೇಳಿತು. ಆಮೇಲೆ ನಾಲ್ಕು ವರ್ಷ ಮಾಮಿ ಬರಲಿಲ್ಲ, ಮಾವ ಕರೆಯಲಿಲ್ಲ. ಮಕ್ಕಳೂ ಇರಲಿಲ್ಲ, ನಡುವೆ ಓಡಾಡಲಿಕ್ಕೆ. ಆದರೆ ಅಂದಿನಿಂದ ಕಾರ್ಕಳದ ಬಸ್ಸು ಬಂದಾಗ ಮಾವ "ಪಡುಬಿದ್ರಿ, ಬೆಳ್ಮಣ್, ಮತ್ತೆ ಮುಂದಕ್ಕೇ!" ಎಂದು ಕೂಗುತ್ತಿದ್ದರು. ಕಾರ್ಕಳ ಎಂಬ ಹೆಸರನ್ನು ಬಾಯಿಯಲ್ಲಿ ತರಲೇ ಇಲ್ಲ. ಹೊಸಬರು, "ಈ 'ಮುಂದಕ್ಕೆ' ಅಂದರೆ ಯಾವ ಊರು?" ಎಂದು ಕೇಳಿದರೆ ಹಳಬರು ಕಣ್ಣುಸನ್ನೆ ಮಾಡಿ ಸುಮ್ಮನಿರಿಸುತ್ತಿದ್ದರು.

ಇನ್ನು ಆ ದಿನದ ವಿಷಯಕ್ಕೆ ಬರುತ್ತೇನೆ. ನನಗಾಗ ಒಂಬತ್ತು ವರ್ಷ. ಬೆಳಿಗ್ಗೆ ಮಾವ ಚಾವಡಿಯಲ್ಲಿ ಮೂರನೆಯ ಲೋಟ ಕಾಫಿ ಕುಡಿಯುತ್ತ ಕೂತಿದ್ದರು. ನನ್ನ ಕೈಗೆ ಅಂಗಡಿಯ ಕಾಗದದ ತೊಟ್ಟೆಯೊಂದು ಸಿಕ್ಕಿತ್ತು. ಅದಕ್ಕೆ ಗಾಳಿ ಊದಿ, ಮೆಲ್ಲಗೆ ಮಾವನ ಬೆನ್ನ ಹಿಂದೆ ಹೋಗಿ, ಎರಡೂ ಕೈಯಲ್ಲಿ ಫಟ್ ಎಂದು ಒಡೆದೆ. ಮಾವ ಹಾರಿಬಿದ್ದರು. ಕಾಫಿ ಮೈಮೇಲೆ ಚೆಲ್ಲಿತು. ನನಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ! ಬೈದು, ನಶ್ಯ ಏರಿಸಿ, ಮನೆ ನಡುಗುವ ಹಾಗೆ ಮೂರು ಸಲ ಸೀನಿ, ಮಾವ ಸ್ಟ್ಯಾಂಡಿಗೆ ಹೋದರು. ಹತ್ತು ಗಂಟೆಯ ಉಡುಪಿ ಬಸ್ಸು ಹೋಗಿ ಸ್ವಲ್ಪ ಹೊತ್ತಿನಲ್ಲಿ ಅವರನ್ನು ನಾಲ್ಕು ಜನ ಎತ್ತಿಕೊಂಡು ಬಂದರು. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಅವರದಲ್ಲವೋ ಎಂಬಂತೆ ನೇತಾಡುತ್ತಿತ್ತು.

"ಲಕ್ವ" ಎಂದರು ಜನ. ನಾನು ಹಟ್ಟಿಯ ಹಿಂದೆ ಹೋಗಿ ಒಡೆದ ತೊಟ್ಟೆಯನ್ನು ಮಣ್ಣಿನಲ್ಲಿ ಹೂತುಹಾಕಿದೆ.

ಬಾಡಿಗೆ ಕಾರಿನಲ್ಲಿ ಮಾವನನ್ನು ಮಣಿಪಾಲಕ್ಕೆ ಕೊಂಡುಹೋದರು. ಆಗ ಮಣಿಪಾಲವೆಂದರೆ ಬೋಳು ಗುಡ್ಡ, ಕೆಂಪು ಮುರಕಲ್ಲು, ಅಲ್ಲೊಂದು ಇಲ್ಲೊಂದು ಹೊಸ ಕಟ್ಟಡ. ಎಂಟು ದಿನ ಕಳೆದು ಮಾವನಿಗೆ ಮಾತು ಸ್ವಲ್ಪ ತಿರುಗಿದಾಗ ಅಮ್ಮನ ಸೆರಗು ಹಿಡಿದು ನಾನೂ ಹೋದೆ. ಪರವೂರಿನ ಎಳೆ ಪ್ರಾಯದ ಡಾಕ್ಟರು ಹಾಸಿಗೆಯ ಬದಿಯಲ್ಲಿ ಕೂತು ಪುಸ್ತಕದ ಕನ್ನಡದಲ್ಲಿ ಕೇಳುತ್ತಿದ್ದರು.

"ನೋಡಿ, ನಿಮಗೆ ರಕ್ತದ ಒತ್ತಡ ಬಹಳ ವರ್ಷಗಳಿಂದ ಇದ್ದಿರಬೇಕು. ಕಾರಣ ಅದು. ಆದರೆ ಕಾರಣ ಬೇರೆ, ನೆಪ ಬೇರೆ. ಕೆಲವೊಮ್ಮೆ ಸಣ್ಣದೊಂದು ನೆಪ ಸಾಕಾಗುತ್ತದೆ. ಆ ದಿನ ಬೆಳಿಗ್ಗೆ ಏನೇನಾಯಿತು? ಕಾಫಿ ಕುಡಿದಿರಾ?"

"ಮೂರು ಲೋಟ."

"ಜೋರಾಗಿ ಸೀನಿದಿರಾ? ಮೂಗು ಸೀಟಿದಿರಾ?"

"ಎರಡೂ."

"ಕಕ್ಕಸಿನಲ್ಲಿ ತಿಣುಕಿ ಮುಕ್ಕಿದಿರಾ?"

ಮಾವ ನಮ್ಮ ಕಡೆ ನೋಡಿ ನಾಚಿಕೊಂಡು ತಲೆ ಅಲ್ಲಾಡಿಸಿದರು.

"ಕೋಪ ಬಂದಿತ್ತಾ?"

"ಅದು ದಿನಾ ಬರ್ತದೆ ಡಾಕ್ಟ್ರೇ. ಅದನ್ನೂ ಹೇಳಬೇಕಾ?"

"ಏನಾದರೂ ಕಂಡು, ಕೇಳಿ, ಬೆಚ್ಚಿಬಿದ್ದಿರಾ?"

ನಾನು ಅಮ್ಮನ ಸೆರಗಿನ ಹಿಂದೆ ಸರಿದೆ. ಮಾವ ನನ್ನನ್ನು ನೋಡಿದರು. ಆಮೇಲೆ ಕಿಟಕಿಯ ಹೊರಗೆ ನೋಡಿದರು. "ಹೌದು" ಎಂದರು.

"ಯಾವುದಕ್ಕೆ?"

ಮಾವ ಉತ್ತರ ಕೊಡಲಿಲ್ಲ. ಡಾಕ್ಟರು ಎರಡು ಸಲ ಕೇಳಿದರೂ ಕೊಡಲಿಲ್ಲ. ನನಗೆ ಎಲ್ಲ ಗೊತ್ತಾಯಿತು. ಮಾವ ನನ್ನ ಹೆಸರು ಹೇಳದೆ ನನ್ನನ್ನು ಕಾಪಾಡಿದರು. ಅವರನ್ನು ಹಾಗೆ ಮಲಗಿಸಿದ್ದು ನಾನು. ಇನ್ನೊಮ್ಮೆ ಅವರು ಬೆಚ್ಚಿಬಿದ್ದರೆ ಸತ್ತೇ ಹೋಗುತ್ತಾರೆ ಎಂದು ಆ ಕ್ಷಣದಿಂದ ಗಟ್ಟಿ ನಂಬಿದೆ.

ಡಾಕ್ಟರು ಕೊನೆಗೆ ಹೇಳಿದ್ದು ಇಷ್ಟು: ನೆಪಗಳನ್ನು ಎಣಿಸುತ್ತ ಕೂರಬೇಡಿ, ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ. ಮಾವ ಮನೆಗೆ ತಂದದ್ದೇನು? ನೆಪಗಳನ್ನು ಮಾತ್ರ! ಮಾತ್ರೆ ಅಮ್ಮನ ನೆನಪಿಗೆ ಬಿಟ್ಟದ್ದು. ಉಪ್ಪಿನ ಮಾತು ಮಣಿಪಾಲದ ಗುಡ್ಡ ಇಳಿಯುವಾಗಲೇ ಉದುರಿಹೋಗಿರಬೇಕು. ಸೀನಿದರೆ ತಲೆಯ ನರ ಒಡೆಯುತ್ತದೆಂದು ಕಂಬ ತಬ್ಬುವ ಮನುಷ್ಯ ಮಧ್ಯಾಹ್ನ ಗಂಜಿಗೆ ಎರಡೆರಡು ಒಣಮೀನು ಸುಡಿಸಿಕೊಂಡು ತಿನ್ನುತ್ತಿದ್ದರು. ಅಮ್ಮ ಬಾಯಿ ಬಿಟ್ಟರೆ, "ಮೀನಿಗೂ ನರಕ್ಕೂ ಎಂತ ಸಂಬಂಧ? ನೀನು ಡಾಕ್ಟ್ರಾ?"

ಕಾಫಿಯ ಬದಲಿಗೆ ಕೊತ್ತಂಬರಿ ಕಷಾಯ ಬಂತು. ಕಕ್ಕಸಿಗೆ ಹೋದವರು ಐದು ನಿಮಿಷ ಕಾದು ಎದ್ದು ಬಂದುಬಿಡುತ್ತಿದ್ದರು. "ಎಂತ ಆಯ್ತು?" ಎಂದು ಅಜ್ಜಿ ಕೇಳಿದರೆ, "ಬರುವುದಾದರೆ ತಾನೇ ಬರ್ತದೆ, ಬೊಬ್ಬೆ ಹಾಕಿದರೆ ಬಸ್ಸು ಬೇಗ ಬರ್ತದಾ?" ಎನ್ನುತ್ತಿದ್ದರು. ತೆಂಗಿನಕಾಯಿ ಬಿದ್ದ ಸದ್ದಿಗೆ ಬೆಚ್ಚಬಾರದೆಂದು ಕಾಯಿ ಬಲಿಯುವ ಮೊದಲೇ ಕೊಯ್ಸಿಹಾಕಿದರು. ಆ ವರ್ಷ ನಮ್ಮ ಮನೆಯಲ್ಲಿ ಎಳನೀರಿಗೆ ಬರಗಾಲವಿರಲಿಲ್ಲ, ಚಟ್ನಿಗೆ ಮಾತ್ರ ಪಕ್ಕದ ಮನೆಗೆ ಹೋಗಬೇಕಾಗುತ್ತಿತ್ತು.

ಇನ್ನು ಕೋಪ! ಅದನ್ನೇನು ಮಾಡುವುದು? ಸೀನನ್ನಾದರೂ ಮೆಲ್ಲಗೆ ಬಿಡಬಹುದು. ಮಾವ ಉಪಾಯ ಕಂಡುಹಿಡಿದರು. ಜೀವನವಿಡೀ ಏಜೆಂಟಾಗಿದ್ದವರು ತಮ್ಮ ಕೋಪಕ್ಕೂ ಒಬ್ಬ ಏಜೆಂಟನನ್ನು ನೇಮಿಸಿಕೊಂಡರು. ಯಾರನ್ನು? ಇರುವೆಗೂ ದಾರಿ ಬಿಟ್ಟುಕೊಡುವ ನನ್ನ ಅಮ್ಮನನ್ನು!

"ತಂಗೀ, ಇಲ್ಲಿ ಬಾ. ಈ ಮನುಷ್ಯ ಬೇಲಿ ಒಂದು ಗೇಣು ಈಚೆ ಹಾಕಿದ್ದಾನೆ. ನನಗೆ ಬೈಲಿಕ್ಕೆ ಆಗುದಿಲ್ಲ. ನೀನು ಸ್ವಲ್ಪ ಬೈ."

ಅಮ್ಮ ಸೆರಗಿನ ತುದಿ ಹಿಂಡುತ್ತ, "ಹಾಗೆಲ್ಲ ಮಾಡಬಾರದು ಅಣ್ಣ, ನಿಮಗೇ ಗೊತ್ತುಂಟಲ್ಲ" ಎಂದು ನೆರೆಮನೆಯವನಿಗೆ ಹೇಳಿದಳು.

"ಇದೆಂತ ಬೈಯುವುದಾ? ಇನ್ನೂ ಸ್ವಲ್ಪ ಹಾಕು. ಅವನ ಅಪ್ಪನದ್ದೂ ಎತ್ತು!" ಮಾವ ಪಕ್ಕದಲ್ಲಿ ಕೂತು ಕಷಾಯ ಕುಡಿಯುತ್ತ ಹೇಳಿಕೊಟ್ಟರು. ಆರು ತಿಂಗಳಲ್ಲಿ ಅಮ್ಮ ಎಷ್ಟು ಪಳಗಿದಳೆಂದರೆ ಆ ವರ್ಷ ಬೊಂಬಾಯಿಯಿಂದ ಬಂದ ಅಪ್ಪ ಎರಡು ದಿನ ಮೊದಲೇ ಹಿಂದೆ ಹೊರಟರು.

ಎಲ್ಲಕ್ಕಿಂತ ದೊಡ್ಡ ಕಾನೂನು, ಮಾವನಿಗೆ ಯಾವ ಸುದ್ದಿಯನ್ನೂ ಒಮ್ಮೆಲೇ ಹೇಳಬಾರದು. ಕೆಟ್ಟ ಸುದ್ದಿ ಮಾತ್ರವಲ್ಲ, ಒಳ್ಳೆಯದೂ! ಈ ಕಾನೂನಿನ ಮುಖ್ಯ ಪೊಲೀಸು ನಾನು. ಟಪಾಲಿನವನು ಬಂದರೆ ಬೇಲಿಯ ದಣಪೆಯ ಹತ್ತಿರವೇ ನಿಲ್ಲಿಸಿ ಮೂರು ಸಲ ಕೆಮ್ಮಿಸುತ್ತಿದ್ದೆ. ಬೆಕ್ಕಿನ ಕುತ್ತಿಗೆಗೆ ಗೆಜ್ಜೆ ಕಟ್ಟಿದ್ದೆ. ಒಮ್ಮೆ ಹೆಜಮಾಡಿಯಿಂದ ಮಾವನ ಹಳೆಯ ಗೆಳೆಯರ ಮಗಳ ಮದುವೆ ಕಾಗದ ಬಂತು. ಅಜ್ಜಿ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುವುದೆಂದು ತೀರ್ಮಾನವಾಯಿತು. ಮೊದಲ ದಿನ, "ಹೆಜಮಾಡಿಯಲ್ಲಿ ಮೀನು ಒಳ್ಳೆದು ಸಿಕ್ಕಿತಂತೆ" ಎಂದರು. ಎರಡು ದಿನ ಬಿಟ್ಟು, "ನಿನ್ನ ಗೆಳೆಯನಿಗೆ ಸೌಖ್ಯವಂತೆ." ಮತ್ತೆ ಎರಡು ದಿನ ಬಿಟ್ಟು, "ಅವನ ಮಗಳು ದೊಡ್ಡವಳಾದಳಂತೆ." ಹೀಗೆ ಮದುವೆಯ ಮೆಟ್ಟಿಲಿಗೆ ಬರುವಾಗ ಮದುವೆಯಾಗಿ ಮೂರು ದಿನ ಕಳೆದಿತ್ತು.

ಮಾವ ಸಿಟ್ಟಾಗುವ ಹಾಗಿರಲಿಲ್ಲ. ಅಮ್ಮನನ್ನು ಕರೆದು ಅಜ್ಜಿಗೆ ಬೈಯಿಸುವ ಹಾಗೂ ಇರಲಿಲ್ಲ. "ಊಟಕ್ಕೆ ಎಂತ ಇತ್ತು, ಅದನ್ನಾದರೂ ಒಮ್ಮೆಲೇ ಹೇಳಿ" ಎಂದರು.

ಇಷ್ಟೆಲ್ಲ ಆದರೂ ಮಾವ ಬಸ್ ಸ್ಟ್ಯಾಂಡಿಗೆ ಹೋಗುವುದನ್ನು ಬಿಡಲಿಲ್ಲ. ಬೊಬ್ಬೆ ಹಾಕುವ ಹಾಗಿಲ್ಲವಲ್ಲ! ಒಬ್ಬೊಬ್ಬರ ಹತ್ತಿರ ಹೋಗಿ ಕಿವಿಯಲ್ಲಿ, "ಉಡುಪಿಯಾ?" ಎಂದು ಗುಟ್ಟು ಹೇಳುವ ಹಾಗೆ ಕೇಳುತ್ತಿದ್ದರು. ಹೆಂಗಸರು ಗಾಬರಿಯಾಗಿ ದೂರ ಸರಿಯುತ್ತಿದ್ದರು. ಮೂಲ್ಕಿಗೆ ಹೋಗಬೇಕಾದವರು ಉಡುಪಿಯಲ್ಲಿ ಇಳಿದು ಕಣ್ಣುಕಣ್ಣು ಬಿಡುತ್ತಿದ್ದರು. ಕಂಪೆನಿಯವರು ಬೇರೊಬ್ಬ ಏಜೆಂಟನನ್ನು ಇಟ್ಟರು. ಆದರೂ ಮಾವ ದಿನಾ ಒಂಬತ್ತೂವರೆಗೆ ಹೋಗಿ ಸ್ಟ್ಯಾಂಡಿನ ಬದಿಯ ತೋಡಿನ ಸಂಕದ ಕಟ್ಟೆಯಲ್ಲಿ ಕೂತು, ಹತ್ತರ ಬಸ್ಸು ಬಂದು ಹೋದ ಮೇಲೆ ಮನೆಗೆ ಬರುತ್ತಿದ್ದರು. ಅದು ಕಾರ್ಕಳದಿಂದ ಪಡುಬಿದ್ರಿ ಸುತ್ತಿ ಉಡುಪಿಗೆ ಹೋಗುವ ಬಸ್ಸು. ಕೆಲಸದ ಅಭ್ಯಾಸ ಎಂದು ನಾವು ತಿಳಿದಿದ್ದೆವು. ಸಾಯಲಿಕ್ಕೆ ಇಷ್ಟು ಹೆದರುವ ಗಂಡಸನ್ನು ಕಂಡಿಲ್ಲ ಎಂದು ಊರವರು ನಗುತ್ತಿದ್ದರು. ನಾನೂ ಒಮ್ಮೊಮ್ಮೆ ನಕ್ಕಿದ್ದೇನೆ.

ಹೀಗೆ ಒಂದು ವರ್ಷ ದಾಟಿತು. ಒಂದು ದಿನ ಆ ಹತ್ತರ ಬಸ್ಸಿನ ಕಂಡಕ್ಟರು, ಮಾವ ಇಲ್ಲದ ಹೊತ್ತು ನೋಡಿ ಮನೆಗೆ ಬಂದು ಅಮ್ಮನಿಗೆ ಹೇಳಿದರು: "ಶುಕ್ರವಾರ ನಿಮ್ಮ ಅತ್ತಿಗೆ ನಮ್ಮ ಬಸ್ಸಿನಲ್ಲಿ ಬರ್ತಾರೆ. ಕಾಪುವಿನಲ್ಲಿ ಒಬ್ಬರು ಬಂದು ಕರೆದರೆ ಇಳೀತೇನೆ, ಇಲ್ಲದಿದ್ದರೆ ಹಾಗೇ ಉಡುಪಿಗೆ ಹೋಗ್ತೇನೆ, ಇನ್ನು ಈ ದಾರಿಗೆ ಬರುದಿಲ್ಲ ಅಂದರು. ಹೇಳಬೇಕು ಅಂತ ಕಂಡಿತು, ಹೇಳಿದ್ದೇನೆ."

ಕಂಡಕ್ಟರು ಹೋದ ಮೇಲೆ ಅಮ್ಮ ಅಳಲಿಕ್ಕೆ ಸುರು ಮಾಡಿದಳು. ಅಜ್ಜಿ ಮಾತ್ರ ಗಟ್ಟಿ.

"ಅವಳನ್ನು ಒಮ್ಮೆಲೇ ಕಂಡರೆ ಅವನ ಗತಿ ಎಂತ? ಬೆಚ್ಚಿಬಿದ್ದು ಅಲ್ಲೇ ಹೋಗ್ತಾನೆ. ಮೆಲ್ಲ ಹೇಳುವಾ. ಮೊದಲು ಕಾರ್ಕಳದ ಮಳೆಬೆಳೆ. ಮತ್ತೆ ಅವರ ಮನೆಯವರ ಸೌಖ್ಯ. ಮತ್ತೆ ಅವಳ ಹೆಸರು. ಎಲ್ಲ ತಿಳಿದ ಮೇಲೆ ನಾವೇ ಹೋಗಿ ಕರ್ಕೊಂಡು ಬರುವಾ."

"ಇನ್ನು ಬರುದಿಲ್ಲ ಅಂದಿದ್ದಾರಲ್ಲ ಅಮ್ಮ!"

"ಜೀವ ಇದ್ದರೆ ಅಲ್ವಾ ಹೆಂಡತಿ?"

ಆದರೆ ಶುಕ್ರವಾರ ಮಾವನನ್ನು ಸ್ಟ್ಯಾಂಡಿಗೆ ಹೋಗದಂತೆ ತಡೆಯುವುದು ಹೇಗೆ? ಅಜ್ಜಿಯ ಹತ್ತಿರ ಅದಕ್ಕೂ ಮದ್ದಿತ್ತು, ಹರಳೆಣ್ಣೆ! "ಡಾಕ್ಟ್ರು ಮುಕ್ಕಬಾರದು ಅಂದಿದ್ದಾರಲ್ಲ ಮಗಾ, ಹೊಟ್ಟೆ ಒಮ್ಮೆ ತೊಳೆದರೆ ಒಳ್ಳೆದು" ಎಂದು ಬೆಳಿಗ್ಗೆ ಬೆಳಿಗ್ಗೆ ಒಂದು ಒಳ್ಳೆಯ ಕುಡ್ತೆ ಎಣ್ಣೆಯನ್ನು ಬಿಸಿ ಕಷಾಯದಲ್ಲಿ ಕುಡಿಸಿದರು. ಹರಳೆಣ್ಣೆ ಕುಡಿದ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಹೋದರೂ ಎಷ್ಟು ದೂರ?

ಒಂಬತ್ತೂಮುಕ್ಕಾಲರ ಒಳಗೆ ಮಾವ ಮೂರು ಸಲ ಹಿತ್ತಿಲಿಗೆ ಹೋಗಿ ಬಂದು ಚಾವಡಿಯಲ್ಲಿ ಸೋತು ಕೂತಿದ್ದರು. ಅಜ್ಜಿ ಪಕ್ಕದಲ್ಲಿ ಕೂತು ಮೊದಲ ಮೆಟ್ಟಿಲು ಹತ್ತಿಸಿದರು. "ಕಾರ್ಕಳದ ಕಡೆ ಈ ಸಲ ಮಳೆ ಒಳ್ಳೆದಂತೆ."

ಮಾವ ತಟ್ಟನೆ ಅಜ್ಜಿಯ ಮುಖ ನೋಡಿದರು. ಐದು ವರ್ಷದಲ್ಲಿ ಆ ಮನೆಯಲ್ಲಿ ಆ ಹೆಸರು ಯಾರ ಬಾಯಿಯಲ್ಲೂ ಬಂದಿರಲಿಲ್ಲ. "ಹೌದಾ?" ಎಂದರು. ಅಜ್ಜಿ ಎರಡನೆಯ ಮೆಟ್ಟಿಲ ಸುದ್ದಿಯೆತ್ತದೆ ಎಲೆ ಅಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡರು. ಮಾವ ಗದ್ದೆಯಾಚೆ, ಮಾರ್ಗದ ಕಡೆಗೆ ನೋಡುತ್ತಲೇ ಕೂತರು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಪೋಂ ಪೋಂ.

ನಾನು ಕಂಬದ ಹಿಂದೆ ನಿಂತಿದ್ದೆ. ಹೇಳಿದರೆ ಮಾವ ಸಾಯುತ್ತಾರೆ. ಒಮ್ಮೆ ನಾನೇ ಬೆಚ್ಚಿಬೀಳಿಸಿ ಹೀಗೆ ಮಾಡಿದ್ದು, ಇನ್ನೊಮ್ಮೆಯೂ ನಾನೇ ಆಗಬೇಕೇ? ಹೇಳದಿದ್ದರೆ ಮಾಮಿ ಹೋಗುತ್ತಾರೆ. ಬಸ್ಸು ಕಾಪುವಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಏಜೆಂಟನ ಸೋದರಸೊಸೆಗೆ ಗೊತ್ತಿಲ್ಲವೇ?

"ಮಾವಾ!" ಎಂದು ಕಿರಿಚಿದೆ. "ಮಾಮಿ ಬಸ್ಸಿನಲ್ಲಿದ್ದಾರೆ! ನೀವು ಕರೆದರೆ ಇಳೀತಾರಂತೆ!"

ಅಜ್ಜಿಯ ಕೈಯಿಂದ ಎಲೆ ಅಡಿಕೆಯ ತಟ್ಟೆ ಬಿತ್ತು. ಮಾವ ಕಂಬ ಹಿಡಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಎದ್ದರು, ಮುಂಡು ಎತ್ತಿ ಕಟ್ಟಿದರು, ಓಡಿದರು. ಒಂದು ವರ್ಷದಿಂದ ನಡೆಯುವಾಗಲೂ ಹೆಜ್ಜೆ ಎಣಿಸುತ್ತಿದ್ದವರು ಗದ್ದೆಯ ಹುಣಿಯ ಮೇಲೆ ಓಡಿದರು! ಹಿಂದಿನಿಂದ ನಾನು, ಕೈಗೆ ಸಿಕ್ಕಿದ ನೀರಿನ ಚೊಂಬು ಹಿಡಿದುಕೊಂಡು. ಆ ಚೊಂಬು ಏಕೆ ಹಿಡಿದೆನೋ ದೇವರಿಗೇ ಗೊತ್ತು, ಆದರೆ ಆ ದಿನ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ.

ನಾವು ಮಾರ್ಗಕ್ಕೆ ಮುಟ್ಟುವಾಗ ಹೊಸ ಏಜೆಂಟ್ ಬಸ್ಸಿಗೆ ಎರಡು ಪೆಟ್ಟು ಕೊಟ್ಟಾಗಿತ್ತು. ಬಸ್ಸು ಹೊರಟಿತು. ಮಾವ ನಿಂತರು, ಎದೆ ತುಂಬ ಉಸಿರೆಳೆದರು.

"ಕಾರ್ಕಳಾ!"

ಅದೇ ಹಳೆಯ ಸ್ವರ! ಕೊಕ್ಕರೆಗಳು ಎದ್ದು ಹಾರಿದವು. ಉಡುಪಿಗೆ ಮುಖ ಮಾಡಿ ಹೊರಟ ಬಸ್ಸಿಗೆ ಕಾರ್ಕಳ ಎಂದು ಕೂಗಿದ ಏಜೆಂಟ್ ಲೋಕದಲ್ಲಿ ಇನ್ನೊಬ್ಬನಿಲ್ಲ. ಡ್ರೈವರು ಗಕ್ಕನೆ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿದೆ. ಈಗ ಬೀಳುತ್ತಾರೆ, ಈಗ ಬೀಳುತ್ತಾರೆ ಎಂದು ಕಾದೆ. ಕಣ್ಣು ತೆರೆದರೆ ಮಾವ ಬಸ್ಸಿನ ಕಟ್ಟಕಡೆಯ ಕಿಟಕಿಯ ಕೆಳಗೆ ನಿಂತಿದ್ದರು. ಕಿಟಕಿಯಲ್ಲಿ ಮಾಮಿಯ ಮುಖವಿತ್ತು. ಕೂದಲು ನನಗೆ ನೆನಪಿದ್ದದ್ದಕ್ಕಿಂತ ಹಣ್ಣಾಗಿತ್ತು.

"ಬೊಬ್ಬೆ ಹಾಕಬೇಡಿ," ಎಂದರು ಮಾಮಿ. "ಡಾಕ್ಟ್ರು ಬೇಡ ಅಂದಿದ್ದಾರಂತಲ್ಲ."

ಮಾವನಿಗೆ ಏದುಸಿರು. ಕಿಟಕಿಯ ಸರಳು ಹಿಡಿದು ಮೆಲ್ಲಗೆ ಹೇಳಿದರು, "ಅವತ್ತು ಉಡುಪಿಗೆ ಅಂತ ಹೊರಟಿದ್ದೆಯಲ್ಲ. ಹೋಗುವಾ. ಎದುರಿನ ಸೀಟಿನಲ್ಲಿ ಕೂತುಕೋ."

ಎದುರಿನ ಸೀಟಿನಲ್ಲಿ ಕೂತಿದ್ದವರು ಯಾರೂ ಹೇಳದೆ ತಾವೇ ಎದ್ದರು. ಸಾವಿರ ಜನರನ್ನು ಬಸ್ಸು ಹತ್ತಿಸಿದ ಮಾವ ಬಹುಶಃ ಅಂದೇ ಮೊದಲ ಸಲ ಪ್ರಯಾಣಿಕರಾಗಿ ಹತ್ತಿದ್ದು, ಅಂಗಿಯೂ ಇಲ್ಲದೆ, ಹೆಗಲ ಮೇಲೊಂದು ಬೈರಾಸು ಹಾಕಿಕೊಂಡು. ಚೊಂಬಿನ ಜೊತೆ ನಾನೂ ಹತ್ತಿದೆ. ಯಾರೂ ಬೇಡವೆನ್ನಲಿಲ್ಲ.

ಇಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಂಡಿರಾ? ಹರಳೆಣ್ಣೆಯನ್ನು ಮರೆತಿರಲ್ಲ! ಪಾಂಗಾಳ ಮುಟ್ಟುವಾಗ ಮಾವನ ಮುಖ ಬೇರೆಯಾಯಿತು. ಕಂಡಕ್ಟರರ ಕಿವಿಯಲ್ಲಿ ಏನೋ ಹೇಳಿದರು. ಬಸ್ಸು ನಿಂತಿತು. ಮಾವ ನನ್ನ ಕೈಯಿಂದ ಚೊಂಬು ಕಸಿದು ಗಾಳಿಮರಗಳ ಕಡೆಗೆ ಮಾಯವಾದರು. ಐದು ನಿಮಿಷ, ಹತ್ತು ನಿಮಿಷ. ಹಿಂದಿನಿಂದ ಯಾರೋ ಗೊಣಗಿದರು. "ಇದೆಂತ ಬಸ್ಸಾ, ಮದುವೆ ದಿಬ್ಬಣವಾ? ಕೋರ್ಟಿಗೆ ಹೊತ್ತಾಯ್ತು, ಬಿಡಿ ಮಾರಾಯ್ರೇ!" ಕಂಡಕ್ಟರರ ಕೈ ಸೀಟಿಯ ಕಡೆಗೆ ಹೋಯಿತು.

ಮಾಮಿ ಎದ್ದು ನಿಂತರು. ಅಷ್ಟು ಜನರ ಎದುರು, ಎದುರಿನ ಸೀಟಿನ ಹತ್ತಿರ.

"ರೈಟ್ ಹೇಳಬೇಡಿ. ನಮ್ಮವರು ಬರ್ಲಿಕ್ಕುಂಟು."

ಕಂಡಕ್ಟರು ಸೀಟಿಯನ್ನು ಕಿಸೆಗೆ ಹಾಕಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ. ಮಾಮಿಯ ಸೀರೆ ಹಿಡಿದುಕೊಂಡು ಒಂದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹೇಳಿಬಿಟ್ಟೆ. ಕಾಗದದ ತೊಟ್ಟೆ ಒಡೆದದ್ದು, ಅದನ್ನು ಹೂತದ್ದು, ಡಾಕ್ಟರು ಕೇಳಿದಾಗ ಮಾವ ನನ್ನ ಹೆಸರು ಹೇಳದೆ ಕಿಟಕಿಯ ಹೊರಗೆ ನೋಡಿದ್ದು. "ಮಾವನಿಗೆ ಲಕ್ವ ಆದದ್ದು ನನ್ನಿಂದ ಮಾಮಿ."

ಮಾಮಿ ನನ್ನ ತಲೆಯ ಮೇಲೆ ಕೈಯಿಟ್ಟು, "ಅದು ಎಷ್ಟು ಹೊತ್ತಿಗೆ ಆದದ್ದು ಮಗಾ?" ಎಂದು ಕೇಳಿದರು.

"ಹತ್ತರ ಬಸ್ಸು ಹೋದ ಕೂಡಲೇ ಅಂತೆ."

ಮಾಮಿ ಸೆರಗಿನಿಂದ ನನ್ನ ಕಣ್ಣೊರೆಸಿದರು. "ನಿನ್ನಿಂದ ಅಲ್ಲ. ಆ ದಿನ ನಾನು ಈ ಬಸ್ಸಿನಲ್ಲಿದ್ದೆ. ಕಿಟಕಿಯಿಂದ ನೋಡಿದೆ, ಅವರೂ ನೋಡಿದರು. ಏನೋ ಹೇಳ್ಲಿಕ್ಕೆ ಬಾಯಿ ತೆರೆದರು. ಸ್ವರ ಬರಲಿಲ್ಲ. ಕರೀಲಿಕ್ಕೆ ಮನಸ್ಸಿಲ್ಲ ಅಂತ ತಿಳಿದು ನಾನು ಮುಖ ತಿರುಗಿಸಿ ಹೋದೆ. ಹೀಗಾಯ್ತು ಅಂತ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಈ ಕಂಡಕ್ಟರ್ರು ಹೇಳಿ."

ನಾನು ಏಜೆಂಟನ ಸೊಸೆ. ಅಳುತ್ತಲೇ ಕೇಳಿದೆ, "ಕಾರ್ಕಳದಿಂದ ಉಡುಪಿಗೆ ಹಿರಿಯಡ್ಕದ ದಾರಿ ಅಲ್ವಾ ಮಾಮಿ? ಈ ದಾರಿಯಲ್ಲಿ ಬರುವವರಿಗೆ ಮಂಡೆ ಸಮ ಇಲ್ಲ ಅಂತ ಮಾವ ಹೇಳ್ತಾರೆ."

"ನನಗೂ ಸಮ ಇಲ್ಲ ಮಗಾ," ಎಂದರು ಮಾಮಿ.

ಡಾಕ್ಟರು ಎರಡು ಸಲ ಕೇಳಿದರೂ ಮಾವ ಹೇಳದೆ ಬಿಟ್ಟ ನೆಪ ಅದು. ಕಾರ್ಕಳದಿಂದ ಉಡುಪಿಗೆ ಆ ದಾರಿಯಲ್ಲಿ ಯಾರೂ ಸುಮ್ಮನೆ ಬರುವುದಿಲ್ಲವೆಂದು ಆ ಊರಿನಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದರು? ಕಂಬ ತಬ್ಬಿ ಸೀನಿದ್ದು, ಕಾಫಿ ಬಿಟ್ಟದ್ದು, ಹೆಜ್ಜೆ ಎಣಿಸಿ ನಡೆದದ್ದು ಸಾವಿಗೆ ಹೆದರಿ ಅಲ್ಲ. ಮಾಮಿಯನ್ನು ಹೊತ್ತು ಆ ಬಸ್ಸು ಇನ್ನೊಮ್ಮೆ ಬರುವವರೆಗೆ ಬದುಕಿರಬೇಕಾಗಿತ್ತು ಅವರಿಗೆ.

ಅಷ್ಟರಲ್ಲಿ ಮಾವ ಚೊಂಬು ಹಿಡಿದು ಗಾಳಿಮರಗಳ ನಡುವಿನಿಂದ ಬಂದರು, ಹತ್ತಿ ಮಾಮಿಯ ಪಕ್ಕದಲ್ಲಿ ಕೂತರು. ಮಾಮಿ ಕಂಡಕ್ಟರರ ಕಡೆಗೆ ತಿರುಗಿ, "ಈಗ ರೈಟ್," ಎಂದರು. ಕಟಪಾಡಿಯಲ್ಲಿ ಬಸ್ಸು ಮತ್ತೊಮ್ಮೆ ನಿಲ್ಲಬೇಕಾಯಿತು ಎಂಬುದನ್ನು ಬೇರೆ ಹೇಳಬೇಕೇ?

ಮಾಮಿ ಬಂದ ಮೇಲೆ ಒಣಮೀನು ನಿಂತಿತು, ಮಾತ್ರೆ ತಪ್ಪಲಿಲ್ಲ. ಮಾವ ಮತ್ತೂ ಬಹಳ ವರ್ಷ ಇದ್ದರು. ಒಂದು ಮಧ್ಯಾಹ್ನ ಊಟವಾಗಿ ಚಾವಡಿಯಲ್ಲಿ ಒರಗಿದವರು ಹಾಗೆಯೇ ಹೋದರು. ಸೀನಲಿಲ್ಲ, ಸಿಟ್ಟಾಗಲಿಲ್ಲ, ಬೆಚ್ಚಿಬೀಳಲಿಲ್ಲ. ಅಷ್ಟು ನೆಪಗಳನ್ನು ಕಾದವರಿಗೆ ಕೊನೆಗೆ ಒಂದೂ ಬೇಕಾಗಲಿಲ್ಲ. ಅವರ ಹಿಂದೆಯೇ ಎರಡು ವರ್ಷಕ್ಕೆ ಮಾಮಿಯೂ ಹೋದರು. ಆ ಮನೆಯಲ್ಲಿ ಈಗ ಯಾರು ಸೀನಿದರೂ ಯಾರೂ ತಿರುಗಿ ನೋಡುವುದಿಲ್ಲ.

ಮೊನ್ನೆ ಉಡುಪಿಗೆ ಹೋಗುವಾಗ ಬಸ್ಸು ಕಾಪುವಿನಲ್ಲಿ ನಿಂತಿತು. ನಾನು ಎದುರಿನ ಸೀಟಿನಲ್ಲಿದ್ದೆ. ಎಳೆಯ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಬಾಯಿ ತೆರೆಯುವಷ್ಟರಲ್ಲಿ ನನ್ನ ಬಾಯಿಂದ ಮಾತು ಹೊರಟುಹೋಯಿತು.

"ರೈಟ್ ಹೇಳಬೇಡ ಮಗಾ. ನಮ್ಮವರು ಬರ್ಲಿಕ್ಕುಂಟು."

ಅವನು ಇಳಿದು ಹಿಂದೆ ಮುಂದೆ ನೋಡಿದ. "ಯಾರೂ ಕಾಣುದಿಲ್ಲವಲ್ಲ ಅಮ್ಮ?"

"ಸ್ವಲ್ಪ ನೋಡುವಾ," ಎಂದೆ. ಪಾಪ, ಒಳ್ಳೆಯ ಹುಡುಗ. ಬಸ್ಸನ್ನು ಅರ್ಧ ನಿಮಿಷ ಹಾಗೆಯೇ ನಿಲ್ಲಿಸಿದ.